ಕಾಗದದ ಮೇಲಿನ ಹಸಿರುಮನೆ

ದೀಪಾವಳಿಯ ಮರುದಿನ ಮನೆಗೆ ಬಂದ ನನ್ನ ಭಾವಮೈದ, ಊಟಕ್ಕೆ ಕೂರುವ ಮೊದಲೇ ಚೀಲದಿಂದ ಒಂದು ದಪ್ಪ ಕಡತವನ್ನು ತೆಗೆದು ನನ್ನ ಮುಂದಿರಿಸಿದ. ಹೊಸೂರಿಗೆ ಸಮೀಪದ ಹಳ್ಳಿಯಲ್ಲಿ ಅವನಿಗೆ ಒಂದೆಕರೆಯಷ್ಟು ಪಾಲಿಹೌಸಿದೆ. ಅದರೊಳಗೆ ಗುಲಾಬಿ ಬೆಳೆಯುತ್ತಾನೆ. ಅದರಲ್ಲಿ ಕಾಲು ಎಕರೆಯನ್ನು ಬೇರ್ಪಡಿಸಿ, ಒಂದು ಗೋಡೆಗೆ ನೀರು ತೊಟ್ಟಿಕ್ಕುವ ಪ್ಯಾಡುಗಳನ್ನೂ ಎದುರುಗೋಡೆಗೆ ದೊಡ್ಡ ಫ್ಯಾನುಗಳನ್ನೂ ಕೂರಿಸಿ ತಂಪುಮನೆಯಾಗಿ ಮಾರ್ಪಡಿಸಬೇಕೆಂದು ವ್ಯಾಪಾರಿಯೊಬ್ಬರು ಅವನಿಗೆ ಸಲಹೆಯಿತ್ತಿದ್ದರು. ಅದಕ್ಕೆ ಬೇಕಾದ ಹಣವನ್ನು ಸಾಲವಾಗಿ ತರಬೇಕು. ಸಾಲಕ್ಕೆ ಆಧಾರವೆಂದರೆ ಮಾವನವರು ಬಿಟ್ಟುಹೋದ ಜಮೀನು. ಕಡತದ ತುಂಬ ಬಣ್ಣಬಣ್ಣದ ಚಿತ್ರಗಳು, ಅಂಕಿಗಳ ಸಾಲುಗಳು.

"ಭಾವ, ನೀವು ಇದನ್ನೊಮ್ಮೆ ನೋಡಿ ಹೇಳಿ. ಮನುಷ್ಯರು ಹಾಕಿದ ಲೆಕ್ಕವಲ್ಲವಂತೆ, ಕಂಪ್ಯೂಟರೇ ಹಾಕಿದ್ದಂತೆ. ತಪ್ಪಿರಲಾರದಲ್ಲವೆ?" ಎಂದ.

ಕಡತದ ಕೊನೆಯ ಪುಟವನ್ನು ಅವನು ತಿರುವಿರಲಿಲ್ಲ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಆ ರಾತ್ರಿ ಕಡತವನ್ನು ಓದುತ್ತ ಕುಳಿತಾಗ, ಇಂಥ ಲೆಕ್ಕಗಳು ಎಲ್ಲಿ ಹುಟ್ಟಿದವು, ಯಾವ ಕಷ್ಟಕ್ಕಾಗಿ ಹುಟ್ಟಿದವು ಎಂಬುದನ್ನು ಈ ತಿಂಗಳ ಅಂಕಣದಲ್ಲಿ ವಾಚಕರ ಮುಂದಿಡಬೇಕೆನಿಸಿತು. ಗಡಿಯ ಈಚೆ ನೆಲಸಿರುವ ನಮ್ಮವರಲ್ಲಿ ಪ್ಲಾಸ್ಟಿಕ್ ಮಾಡಿನ ಕೆಳಗೆ ಬೆಳೆ ತೆಗೆಯುವವರು ಕಡಮೆಯಿಲ್ಲ. ಹೊಸೂರಿನ ಗುಲಾಬಿಯಂತೆ ನೀಲಗಿರಿಯಲ್ಲಿ ಕಾರ್ನೇಷನ್ ಹೂವಿದೆ. ಇಂಥ ಕಡತ ಇಂದಲ್ಲ ನಾಳೆ ಅವರ ಮನೆಗೂ ಬಂದೀತು.

ನಮಗೆ ಹಸಿರುಮನೆಯೆಂದರೆ ಮಳೆ, ಗಾಳಿ, ಕೀಟಗಳನ್ನು ತಡೆಯುವ ಒಂದು ಹೊದಿಕೆ. ಹಗಲಿನ ಸೆಕೆಯನ್ನು ಹೊರಗಟ್ಟುವುದೇ ಇಲ್ಲಿಯ ಚಿಂತೆ. ಶೀತದೇಶಗಳಲ್ಲಿ ಸಂಗತಿ ತಿರುಗುಮುರುಗು. ಅಲ್ಲಿ ಹೊರಗೆ ಹಿಮ ಬೀಳುತ್ತಿರುವಾಗ ಒಳಗೆ ವಸಂತವನ್ನು ಕಾಯ್ದಿರಿಸಬೇಕು, ಅದಕ್ಕಾಗಿ ರಾತ್ರಿಯಿಡೀ ಉರುವಲು ಸುಡಬೇಕು. ೧೯೭೩ರಲ್ಲಿ ತೈಲದ ಬೆಲೆ ಏಕಾಏಕಿ ಏರಿದಾಗ ಆ ದೇಶಗಳ ತೋಟಗಾರರು ಮೊದಲ ಬಾರಿಗೆ ತತ್ತರಿಸಿದರು. ಅಲ್ಲಿಯವರೆಗೆ ಉರುವಲು ಅಗ್ಗವಾಗಿದ್ದುದರಿಂದ, ಎಷ್ಟು ಶಾಖ ಎಲ್ಲಿಂದ ಸೋರಿಹೋಗುತ್ತದೆಂದು ಎಣಿಸುವ ಗೋಜಿಗೆ ಹೋದವರು ವಿರಳ. ಬೆಲೆಯೇರಿದ ಮೇಲೆ ಎಣಿಕೆ ಅನಿವಾರ್ಯವಾಯಿತು. ಹಾಲೆಂಡಿನ ವಾಖೆನಿಂಗೆನ್ ಕೃಷಿ ವಿದ್ಯಾಪೀಠದಂಥ ಕಡೆಗಳಲ್ಲಿ ಹಸಿರುಮನೆಯ ಶಾಖ, ತೇವ, ಬೆಳಕುಗಳನ್ನು ಗಣಿತದ ಸಮೀಕರಣಗಳಲ್ಲಿ ಹಿಡಿದಿಡುವ ಕೆಲಸ ದಶಕಗಳ ಕಾಲ ನಡೆಯಿತು. ಕಾಸ್‌ಪ್ರೋ ಎಂಬ ಹೆಸರಿನ ಅಲ್ಲಿಯ ಲೆಕ್ಕದ ಮಾದರಿ ೧೯೯೦ರ ದಶಕದ್ದು.

ಆದರೆ ಅವು ವಿದ್ವಾಂಸರ ಕೈಯ ಉಪಕರಣಗಳು. ಸಾಮಾನ್ಯ ಬೆಳೆಗಾರನ ಮೇಜಿಗೆ ಈ ವಿದ್ಯೆಯನ್ನು ಇಳಿಸಿದ ಒಂದು ಪ್ರಯತ್ನ ಅಮೆರಿಕದ ಓಹಾಯೋ ಪ್ರಾಂತದ ಟೊಲೀಡೊ ನಗರದಲ್ಲಿ ನಡೆಯಿತು. ಈರೀ ಸರೋವರದ ಪಶ್ಚಿಮ ತುದಿಯಲ್ಲಿರುವ ಈ ಊರಿನಲ್ಲಿ ಚಳಿಗಾಲವೆಂದರೆ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುವ ರಾತ್ರಿಗಳ ಸಾಲು. ವಸಂತದಲ್ಲಿ ಜನ ತಮ್ಮ ಮನೆಯಂಗಳದಲ್ಲಿ ನೆಡಲು ಪೆಟೂನಿಯ ಮೊದಲಾದ ಹೂಸಸಿಗಳನ್ನು ಕೊಳ್ಳುತ್ತಾರೆ. ಆ ಸಸಿಗಳನ್ನು ಬೆಳೆಗಾರರು ಚಳಿಗಾಲದ ನಡುವಿನಲ್ಲೇ ಬಿತ್ತಿ ಹಸಿರುಮನೆಯ ಬೆಚ್ಚಗಿನಲ್ಲಿ ಬೆಳೆಸಬೇಕು. ೨೦೦೦ದ ನಂತರ ಅಲ್ಲಿ ನೈಸರ್ಗಿಕ ಅನಿಲದ ಬೆಲೆ ಏರುತ್ತ, ೨೦೦೫ರ ಚಂಡಮಾರುತಗಳ ಬಳಿಕ ಮತ್ತಷ್ಟು ನೆಗೆಯಿತು. ಸಸಿಯ ಬೆಲೆಯನ್ನು ಅದೇ ಪ್ರಮಾಣದಲ್ಲಿ ಏರಿಸಿದರೆ ಕೊಳ್ಳುವವರಿಲ್ಲ. ಅಮೆರಿಕದ ಕೇಂದ್ರ ಕೃಷಿ ಇಲಾಖೆಗೆ ಸೇರಿದ, ಟೊಲೀಡೊದಲ್ಲಿದ್ದ ಸಂಶೋಧಕರ ತಂಡವೊಂದು ಆ ದಶಕದಲ್ಲಿಯೇ 'ವರ್ಚುವಲ್ ಗ್ರೋವರ್' ಎಂಬ ತಂತ್ರಾಂಶವನ್ನು ರಚಿಸಿ ಬೆಳೆಗಾರರಿಗೆ ಉಚಿತವಾಗಿ ಹಂಚಿತು. ಹೆಸರನ್ನು ಕನ್ನಡಿಸುವುದಾದರೆ 'ಭಾಸದ ಬೆಳೆಗಾರ' ಎನ್ನಬಹುದೇನೋ!

ಇಂಥ ಲೆಕ್ಕಕ್ಕೆ ಸಿಮ್ಯುಲೇಷನ್ ಎಂದು ಹೆಸರು. ಇಲ್ಲದ ಮನೆಯನ್ನು ಇದೆಯೆಂದು ಭಾವಿಸಿ, ಬರಲಿರುವ ವರ್ಷವನ್ನು ಬಂದುಹೋಯಿತೆಂದು ಭಾವಿಸಿ, ಗಂಟೆಗಂಟೆಯ ಜಮಾಖರ್ಚನ್ನು ಬರೆಯುವುದು ಅದರ ಕೆಲಸ. ಬೆಳೆಗಾರ ತನ್ನ ಮನೆಯ ಉದ್ದಗಲ, ಎತ್ತರ, ಮಾಡಿನ ಮತ್ತು ಗೋಡೆಯ ವಸ್ತು, ಒಲೆಯ ಬಗೆ, ಉರುವಲಿನ ಜಾತಿ ಮತ್ತು ಬೆಲೆ, ಹಗಲಿಗೆಷ್ಟು ರಾತ್ರಿಗೆಷ್ಟು ಉಷ್ಣತೆ ಬೇಕೆಂಬುದು, ಇವಿಷ್ಟನ್ನು ತಿಳಿಸಬೇಕು. ಊರಿನ ಹೆಸರು ಹೇಳಿದರೆ ಅಲ್ಲಿಯ ಹವೆಯ ಲೆಕ್ಕ ತಂತ್ರಾಂಶದಲ್ಲೇ ಇರುತ್ತಿತ್ತು. ಅಮೆರಿಕದ ಇನ್ನೂರಕ್ಕೂ ಹೆಚ್ಚು ಸ್ಥಳಗಳ ಅನೇಕ ವರ್ಷಗಳ ಹವಾಮಾನ ದಾಖಲೆಯಿಂದ ಆಯ್ದು ಹೊಲಿದ ಒಂದು 'ಸಾಧಾರಣ ವರ್ಷ'ವನ್ನು ಅದು ಬಳಸುತ್ತಿತ್ತು. ಆಮೇಲೆ ಬೆಳೆಗಾರ ಪ್ರಶ್ನೆ ಕೇಳುತ್ತ ಹೋಗಬಹುದು. ಮಾಡಿಗೆ ಎರಡು ಪದರ ಹಾಕಿದರೆ? ರಾತ್ರಿ ಒಳಗೆ ಪರದೆ ಎಳೆದರೆ? ಎರಡು ಡಿಗ್ರಿ ತಗ್ಗಿಸಿದರೆ? ಒಂದು ಮೊಳೆಯನ್ನೂ ಹೊಡೆಯದೆ ಹತ್ತು ಬಗೆಯ ಮನೆಗಳನ್ನು ಕಟ್ಟಿ ಕೆಡವಿದಂತೆ.

ಒಳಗಿನ ಗಣಿತ ಗಹನವೆಂದು ಭಯಪಡಬೇಕಾಗಿಲ್ಲ. ಅದರ ತಿರುಳು ನಮ್ಮ ಮಗ್ಗಿಯಷ್ಟೇ ಸರಳ. ಮೂವತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಒಂದು ಪ್ಲಾಸ್ಟಿಕ್ ಮನೆಯನ್ನು ಕಲ್ಪಿಸಿಕೊಳ್ಳೋಣ. ಮಾಡು, ಗೋಡೆ ಎಲ್ಲ ಸೇರಿ ಹೊರಮೈ ಸುಮಾರು ೫೦೦ ಚದರ ಮೀಟರ್. ಒಂದೇ ಪದರದ ಪ್ಲಾಸ್ಟಿಕ್ ಆದರೆ, ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಪ್ರತಿ ಚದರ ಮೀಟರಿನಿಂದ ಸುಮಾರು ೬ ವ್ಯಾಟ್ ಶಾಖ ಹೊರಟುಹೋಗುತ್ತದೆ. ಹೊರಗೆ ಸೊನ್ನೆಗಿಂತ ೫ ಡಿಗ್ರಿ ಕೆಳಗೆ, ಒಳಗೆ ೧೮ ಡಿಗ್ರಿ ಬೇಕು ಎಂದರೆ ವ್ಯತ್ಯಾಸ ೨೩. ಗುಣಿಸಿದರೆ ೬೯ ಕಿಲೋವ್ಯಾಟ್. ಹದಿನಾಲ್ಕು ಗಂಟೆಯ ರಾತ್ರಿಗೆ ೯೬೬ ಯೂನಿಟ್, ನಮ್ಮ ಮನೆಯ ವಿದ್ಯುತ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಮಿತವಾಗಿ ದೀಪ ಉರಿಸುವ ಒಂದು ಕುಟುಂಬ ತಿಂಗಳುಗಟ್ಟಲೆ ಬಳಸುವಷ್ಟು ಶಕ್ತಿ ಒಂದೇ ರಾತ್ರಿಯಲ್ಲಿ ಆಕಾಶದ ಪಾಲು!

ಎರಡು ಪದರ ಹಾಕಿ ನಡುವೆ ಗಾಳಿ ತುಂಬಿದರೆ ೬ ವ್ಯಾಟಿನ ಬದಲು ಸುಮಾರು ೪ ವ್ಯಾಟ್. ರಾತ್ರಿಯ ಖರ್ಚು ೬೪೪ ಯೂನಿಟ್‌ಗೆ ಇಳಿಯುತ್ತದೆ. ಉಳಿತಾಯ ೩೨೨. ಇದು ಎಲ್ಲರಿಗೂ ಹೊಳೆಯುವ ಉಪಾಯ.

ಎಲ್ಲರಿಗೂ ಹೊಳೆಯದಿರುವುದು ಸಂದಿಗಳ ಲೆಕ್ಕ. ಬಾಗಿಲಿನ ಅಂಚು, ಹರಿದ ಮೂಲೆ, ಸರಿಯಾಗಿ ಕೂರದ ಫ್ಯಾನಿನ ಚೌಕಟ್ಟು, ಇವುಗಳ ಮೂಲಕ ಒಳಗಿನ ಬೆಚ್ಚನೆಯ ಗಾಳಿ ಹೋಗಿ ಹೊರಗಿನ ತಣ್ಣನೆಯ ಗಾಳಿ ಬರುತ್ತಿರುತ್ತದೆ. ನಾವು ಕಲ್ಪಿಸಿದ ಮನೆಯೊಳಗಿನ ಗಾಳಿಯೆಲ್ಲ ಗಂಟೆಗೊಂದು ಸಲ ಹೀಗೆ ಬದಲಾದರೆ ಸುಮಾರು ೮ ಕಿಲೋವ್ಯಾಟ್ ನಷ್ಟ. ಮನೆ ಹಳೆಯದಾಗಿ ಗಂಟೆಗೆ ಮೂರು ಸಲ ಬದಲಾದರೆ ೨೪ ಕಿಲೋವ್ಯಾಟ್. ಅಂದರೆ ಸಂದಿಗಳನ್ನು ಮುಚ್ಚಿದ ಮಾತ್ರಕ್ಕೆ ರಾತ್ರಿಗೆ ೨೨೪ ಯೂನಿಟ್ ಉಳಿಯಿತು. ಹೊಸ ಪದರಕ್ಕೆ ಸುರಿಯುವ ಹಣದ ಫಲದಲ್ಲಿ ಮೂರರಲ್ಲಿ ಎರಡು ಪಾಲಿಗಿಂತಲೂ ಹೆಚ್ಚು, ಒಂದು ಸುರುಳಿ ಅಂಟುಪಟ್ಟಿ ಮತ್ತು ಒಂದು ಮಧ್ಯಾಹ್ನದ ಕೆಲಸಕ್ಕೆ! ಹೊಸ ಒಲೆ ಮಾರುವವನು ಈ ಮಾತನ್ನು ಹೇಳಲಾರ. ಯಾವ ಪಕ್ಷವನ್ನೂ ಹಿಡಿಯದ ಲೆಕ್ಕ ಮಾತ್ರ ಹೇಳೀತು.

ಇಷ್ಟಾದರೆ ಇದನ್ನು ಒಬ್ಬ ಜಾಣ ಗುಮಾಸ್ತನೂ ಕಾಗದ ಪೆನ್ಸಿಲು ಹಿಡಿದು ಮಾಡಬಹುದಿತ್ತು. ಯಂತ್ರದ ನಿಜವಾದ ಉಪಕಾರ ಕಂಡುಬಂದುದು ಗಿಡವನ್ನೂ ಲೆಕ್ಕದೊಳಗೆ ತಂದಾಗ.

ಉರುವಲಿನ ಬೆಲೆ ಏರಿದೊಡನೆ ಯಾರೇ ಆದರೂ ಮೊದಲು ಮಾಡುವುದು ಥರ್ಮೋಸ್ಟಾಟಿನ ಮುಳ್ಳನ್ನು ಕೆಳಗೆ ತಿರುಗಿಸುವುದು. ದಿನದ ಖರ್ಚು ಅಂದೇ ಇಳಿಯುತ್ತದೆ. ಆದರೆ ಗಿಡ ಬೆಳೆಯುವುದು ತಾರೀಖು ನೋಡಿ ಅಲ್ಲ, ತನಗೆ ದೊರೆತ ಉಷ್ಣತೆಯನ್ನು ನೋಡಿ. ಪ್ರತಿಯೊಂದು ಸಸ್ಯಕ್ಕೂ ಒಂದು ತಳಮಟ್ಟದ ಉಷ್ಣತೆಯಿದೆ. ಅದಕ್ಕಿಂತ ಕೆಳಗೆ ಬೆಳವಣಿಗೆ ನಿಂತುಹೋಗುತ್ತದೆ. ಮೇಲೆ ಎಷ್ಟು ಡಿಗ್ರಿಯಿದೆಯೋ ಅದಕ್ಕೆ ತಕ್ಕಂತೆ, ಒಂದು ಮಿತಿಯವರೆಗೆ, ವೇಗ ಹೆಚ್ಚುತ್ತದೆ.

ಒಂದು ಸಸಿಗೆ ಈ ತಳಮಟ್ಟ ೫ ಡಿಗ್ರಿಯೆನ್ನೋಣ. ೨೦ ಡಿಗ್ರಿಯಲ್ಲಿ ಬೆಳೆಸಿದರೆ ದಿನಕ್ಕೆ ಅದಕ್ಕೆ ಸಲ್ಲುವುದು ೧೫ ಅಂಶ, ೧೫ ಡಿಗ್ರಿಯಲ್ಲಿಟ್ಟರೆ ೧೦ ಅಂಶ. ಹೂ ಬಿಡಲು ೬೦೦ ಅಂಶ ಬೇಕಿದ್ದರೆ ಮೊದಲನೆಯದಕ್ಕೆ ೪೦ ದಿನ, ಎರಡನೆಯದಕ್ಕೆ ೬೦ ದಿನ. ಈಗ ಉರುವಲಿನ ಲೆಕ್ಕ. ಬಿಸಿಲಿನ ಕಾಣಿಕೆಯನ್ನು ತತ್ಕಾಲಕ್ಕೆ ಬದಿಗಿಟ್ಟು, ಹೊರಗಿನ ಸರಾಸರಿ ಸೊನ್ನೆ ಡಿಗ್ರಿಯೆಂದಿಟ್ಟುಕೊಂಡರೆ, ದಿನದ ಖರ್ಚು ಒಳಹೊರಗಿನ ವ್ಯತ್ಯಾಸಕ್ಕೆ ಸಮಾನುಪಾತದಲ್ಲಿರುತ್ತದೆ. ಬೆಚ್ಚಗಿಟ್ಟ ಬೆಳೆಗೆ ೨೦ನ್ನು ೪೦ರಿಂದ ಗುಣಿಸಿದರೆ ೮೦೦. ತಣ್ಣಗಿಟ್ಟ ಬೆಳೆಗೆ ೧೫ನ್ನು ೬೦ರಿಂದ ಗುಣಿಸಿದರೆ ೯೦೦. ಉಳಿಸಲೆಂದು ತಗ್ಗಿಸಿದವನೇ ಹೆಚ್ಚು ಸುಟ್ಟ!

ಅದೇ ಬೆಳೆಯನ್ನು ಹೊರಗೆ ಸರಾಸರಿ ೧೦ ಡಿಗ್ರಿಯಿರುವ ವಸಂತದಲ್ಲಿ ಬೆಳೆಸಿ ನೋಡಿ. ಬೆಚ್ಚಗಿನದಕ್ಕೆ ೧೦ ಗುಣಿಸು ೪೦, ಅಂದರೆ ೪೦೦. ತಣ್ಣಗಿನದಕ್ಕೆ ೫ ಗುಣಿಸು ೬೦, ಅಂದರೆ ೩೦೦. ಈಗ ತಗ್ಗಿಸಿದವನು ಗೆದ್ದ. ಇನ್ನು ತಳಮಟ್ಟವೇ ೧೦ ಡಿಗ್ರಿಯಿರುವ, ಚಳಿಗೆ ಅಂಜುವ ಜಾತಿಯ ಸಸಿಯಾದರೆ, ೨೦ರಲ್ಲಿ ೪೦ ದಿನಕ್ಕೆ ಹೂ ಬಿಡುವುದು ೧೫ರಲ್ಲಿ ೮೦ ದಿನ ತೆಗೆದುಕೊಳ್ಳುತ್ತದೆ. ಚಳಿಗಾಲದ ಲೆಕ್ಕದಲ್ಲಿ ೮೦೦ಕ್ಕೆ ಎದುರಾಗಿ ೧೨೦೦. ಇದರ ಮೇಲೆ ಇನ್ನೊಂದು ಸಂಕಟ. ಮಾರಾಟದ ದಿನ ನಿಶ್ಚಿತವಾಗಿರುವುದರಿಂದ ನಿಧಾನವಾಗಿ ಬೆಳೆಯುವ ಬೆಳೆಯನ್ನು ಮುಂಚೆಯೇ, ಅಂದರೆ ಇನ್ನೂ ಕಠಿನವಾದ ಚಳಿಯಲ್ಲಿ ಆರಂಭಿಸಬೇಕು.

ಮಿಶಿಗನ್ ರಾಜ್ಯ ವಿಶ್ವವಿದ್ಯಾಲಯದ ತೋಟಗಾರಿಕೆಯ ಪಂಡಿತರು ತಮ್ಮ ಪ್ರಯೋಗಗಳಲ್ಲಿ ಬೇರೆ ಬೇರೆ ಹೂಗಿಡಗಳು ಯಾವ ಉಷ್ಣತೆಯಲ್ಲಿ ಎಷ್ಟು ದಿನಕ್ಕೆ ಅರಳುತ್ತವೆಂದು ಅಳೆದು, ಆ ದಿನಗಳನ್ನು ವರ್ಚುವಲ್ ಗ್ರೋವರ್‌ಗೆ ಉಣಿಸಿ, ಬೇರೆ ಬೇರೆ ಊರುಗಳಿಗೆ, ಬೇರೆ ಬೇರೆ ಮಾರಾಟದ ದಿನಗಳಿಗೆ ಶಾಖದ ಖರ್ಚನ್ನು ಎಣಿಸಿದರು. ಚಳಿಗೆ ಅಂಜುವ ಜಾತಿಗಳನ್ನು ಬೆಚ್ಚಗಿಟ್ಟು ಬೇಗ ಮುಗಿಸುವುದೇ ಎಷ್ಟೋ ಸಂದರ್ಭಗಳಲ್ಲಿ ಅಗ್ಗವೆಂದು ಕಂಡುಬಂತು. ಎಲ್ಲ ಕಡೆಗೂ, ಎಲ್ಲ ಗಿಡಕ್ಕೂ ಒಂದೇ ಉತ್ತರ ಸಿಗಲಿಲ್ಲ. ನನಗೆ ಬಹಳ ಇಷ್ಟವಾದ ಅಂಶ ಇದು. ಬೆಳೆಗಾರ ನೋಡಬೇಕಾದುದು ದಿನದ ಬಿಲ್ಲನ್ನಲ್ಲ, ಒಂದು ಕುಂಡ ಹೂವಿಗೆ ತಗಲುವ ಖರ್ಚನ್ನು ಎಂಬುದು ಹೇಳಿದ ಮೇಲೆ ಎಷ್ಟು ಸಹಜವಾಗಿ ತೋರುತ್ತದೆ! ಅಡುಗೆಮನೆಯಲ್ಲಿ ನಮ್ಮ ಹೆಂಗಸರು ಇದನ್ನು ಯಾವಾಗಲೋ ಅರಿತಿದ್ದಾರೆ. ಬೇಳೆಯನ್ನು ಸಣ್ಣ ಉರಿಯಲ್ಲಿ ತಾಸುಗಟ್ಟಲೆ ಇಟ್ಟರೆ ಅನಿಲ ಉಳಿಯುವುದಿಲ್ಲ. ಆದರೂ ಒಂದು ಎಚ್ಚರಿಕೆ ಹೇಳಬೇಕು. ಬೆಚ್ಚಗಿಟ್ಟು ಅವಸರಪಡಿಸಿದ ಗಿಡ ಹಲವು ಜಾತಿಗಳಲ್ಲಿ ಸಣಕಲಾಗಿ, ಕಡಮೆ ಹೂ ಬಿಡುತ್ತದೆ. ಕೊಳ್ಳುವವನು ನೋಡುವುದು ಹೂವನ್ನೇ ಹೊರತು ಉರುವಲಿನ ಜಮಾಖರ್ಚನ್ನಲ್ಲ.

ಇಂಥ ಲೆಕ್ಕದ ಅಗತ್ಯ ಯುರೋಪಿನವರಿಗೆ ಮತ್ತೊಮ್ಮೆ ತಟ್ಟಿದ್ದು ೨೦೨೧ ಮತ್ತು ೨೦೨೨ರಲ್ಲಿ. ಅನಿಲದ ಬೆಲೆ ಹಿಂದೆಂದೂ ಕಾಣದಷ್ಟು ಏರಿ, ಹಾಲೆಂಡಿನ ಕೆಲವು ಬೆಳೆಗಾರರು ಆ ಚಳಿಗಾಲದಲ್ಲಿ ತಮ್ಮ ಗಾಜಿನ ಮನೆಗಳನ್ನು ಕತ್ತಲಾಗಿಯೇ ಬಿಟ್ಟರು. ಹಳೆಯ ಸೋಡಿಯಂ ದೀಪಗಳ ಬದಲು ಎಲ್‌ಇಡಿ ಹಾಕುವ ಕ್ರಮ ಅಲ್ಲಿ ಹೆಚ್ಚಿತು. ಇಲ್ಲಿಯೂ ಮೇಲ್ನೋಟದ ಲೆಕ್ಕ ಸಾಲದು. ಸೋಡಿಯಂ ದೀಪ ಬೆಳಕಿನ ಜತೆಗೆ ಸಾಕಷ್ಟು ಶಾಖವನ್ನೂ ಕೊಡುತ್ತಿತ್ತು. ಅದನ್ನು ತೆಗೆದರೆ ವಿದ್ಯುತ್ತು ಉಳಿದಷ್ಟೇ ಅಲ್ಲ, ಒಲೆಯ ಕೆಲಸವೂ ಹೆಚ್ಚುತ್ತದೆ. ವಾಖೆನಿಂಗೆನ್ನಿನಲ್ಲಿ ರಚಿತವಾಗಿ ಎಲ್ಲರ ಬಳಕೆಗೂ ಮುಕ್ತವಾಗಿ ದೊರೆಯುವ 'ಗ್ರೀನ್‌ಲೈಟ್' ಎಂಬ ಸಿಮ್ಯುಲೇಷನ್ ಮಾದರಿ ಈ ಎರಡನ್ನೂ ಒಟ್ಟಿಗೆ ಎಣಿಸಿ ತೋರಿಸಿತು. ಒಟ್ಟು ಉಳಿತಾಯವಿದೆ, ಆದರೆ ದೀಪದ ಬಿಲ್ಲು ಹೇಳುವಷ್ಟಿಲ್ಲ.

ಇನ್ನು ಭಾವಮೈದನ ಕಡತಕ್ಕೆ ಬರೋಣ.

ಮೊದಲ ಪುಟಗಳ ಚಿತ್ರಗಳಲ್ಲಿ ನೀಲಿಬಣ್ಣದ ತಂಪುಮನೆ ಚೆನ್ನಾಗಿಯೇ ಇತ್ತು. ಹೊರಗಿಗಿಂತ ಒಳಗೆ ಹದಿನಾಲ್ಕು ಡಿಗ್ರಿ ಕಡಮೆಯೆಂದು ದಪ್ಪ ಅಕ್ಷರಗಳಲ್ಲಿತ್ತು. ಕೊನೆಯ ಪುಟದಲ್ಲಿ, ಸಣ್ಣ ಅಕ್ಷರಗಳಲ್ಲಿ, ಲೆಕ್ಕಕ್ಕೆ ಬಳಸಿದ ಆಧಾರಗಳ ಪಟ್ಟಿಯಿತ್ತು. ಅದರಲ್ಲಿ ಸ್ಥಳದ ಹೆಸರಿನ ಎದುರು ಬರೆದಿದ್ದುದು ಜೋಧಪುರ, ತಿಂಗಳು ಮೇ.

ಅವನನ್ನು ಕರೆದು ತೋರಿಸಿದೆ. ಮೊದಲು ಅವನಿಗೆ ಅರ್ಥವಾಗಲಿಲ್ಲ. "ಬಿಸಿಲು ಎಲ್ಲ ಕಡೆಯೂ ಬಿಸಿಲೇ ಅಲ್ಲವೆ ಭಾವ?" ಎಂದ.

ಅಲ್ಲ. ಒದ್ದೆ ಪ್ಯಾಡಿನ ಮೂಲಕ ಗಾಳಿಯನ್ನೆಳೆದಾಗ ತಂಪಾಗುವುದು ನೀರು ಆವಿಯಾಗುವುದರಿಂದ, ನಮ್ಮ ಮಣ್ಣಿನ ಹೂಜಿಯ ನೀರು ತಣ್ಣಗಾಗುವಂತೆಯೇ. ಗಾಳಿ ಒಣಗಿದ್ದಷ್ಟೂ ತಂಪು ಹೆಚ್ಚು. ಉಷ್ಣಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಅದು ಎಷ್ಟಕ್ಕೆ ಇಳಿಯುತ್ತದೆಯೋ, ಪ್ಯಾಡು ಅದಕ್ಕಿಂತ ಕೆಳಗೆ ಇಳಿಸಲಾರದು. ಒಳ್ಳೆಯ ಪ್ಯಾಡು ಆ ಅಂತರದ ನೂರಕ್ಕೆ ಎಂಬತ್ತರಷ್ಟನ್ನು ಸಾಧಿಸುತ್ತದೆ. ಮರುಭೂಮಿಯಂಚಿನ ಊರಿನಲ್ಲಿ ಹೊರಗೆ ೪೧, ಒದ್ದೆ ಬಟ್ಟೆಯ ಮಾಪಕದಲ್ಲಿ ೨೩ ಇದ್ದರೆ ಅಂತರ ೧೮, ಇಳಿಕೆ ಹದಿನಾಲ್ಕು ಡಿಗ್ರಿಗಿಂತ ತುಸು ಹೆಚ್ಚು. ಕಡತದ ಮಾತು ಸುಳ್ಳಲ್ಲ, ಅದು ಜೋಧಪುರದ ಮಾತು. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದ ನಮ್ಮ ಹೊಸೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ೩೪ ಮತ್ತು ೨೩ ಎಂದು ಹಿಡಿದರೆ ಇಳಿಕೆ ಒಂಬತ್ತು ಡಿಗ್ರಿಯೂ ಆಗದು. ಮಳೆಗಾಲದಲ್ಲಿ ೨೭ ಮತ್ತು ೨೨ ಎಂದು ಹಿಡಿದರೆ ನಾಲ್ಕೇ ಡಿಗ್ರಿ. ಅಷ್ಟಕ್ಕೆ ಮಾಡಿನ ಕಿಂಡಿ ತೆರೆದರೂ ಸಾಕಾದೀತು.

ಫ್ಯಾನುಗಳಾದರೋ ಜೋಧಪುರದಲ್ಲಿ ಎಷ್ಟು ವಿದ್ಯುತ್ತು ತಿನ್ನುತ್ತವೆಯೋ ಹೊಸೂರಿನಲ್ಲೂ ಅಷ್ಟೇ ತಿನ್ನುತ್ತವೆ. ಕಾಲು ಎಕರೆಯ ಮನೆಯ ಗಾಳಿಯನ್ನು ನಿಮಿಷಕ್ಕೊಮ್ಮೆ ಬದಲಿಸಬೇಕಾದರೆ ಒಂದೂವರೆ ಅಶ್ವಶಕ್ತಿಯ ಆರು ಫ್ಯಾನುಗಳಾದರೂ ಬೇಕು. ದಿನಕ್ಕೆ ಎಂಟು ಗಂಟೆ ಓಡಿದರೆ ಐವತ್ತು ಯೂನಿಟಿಗೂ ಹೆಚ್ಚು, ನೀರೆತ್ತುವ ಪಂಪಿನ ಖರ್ಚು ಬೇರೆ. ಈ ಅಂಕಿ ಕಡತದಲ್ಲಿ ಎಲ್ಲಿಯೂ ಇರಲಿಲ್ಲ.

ವ್ಯಾಪಾರಿ ಬೇಕೆಂದೇ ಹೀಗೆ ಮಾಡಿದರೆಂದು ನಾನು ಹೇಳಲಾರೆ. ಬೇರೆ ಯಾರಿಗೋ ಸಿದ್ಧಪಡಿಸಿದ ಲೆಕ್ಕದ ಮೇಲೆ ಇವನ ಹೆಸರು ಹಾಕಿ ಕೊಟ್ಟಿರಲೂಬಹುದು. ಬೆಂಗಳೂರು ಸೇರಿದಂತೆ ನಮ್ಮ ದೇಶದ ಅನೇಕ ಊರುಗಳ ಗಂಟೆಗಂಟೆಯ ಹವೆಯ ಕಡತಗಳು ಕಟ್ಟಡಗಳ ಶಕ್ತಿಲೆಕ್ಕಕ್ಕೆಂದು ಸಿದ್ಧವಾಗಿರುವಾಗ, ಹೊಸೂರಿಗೆ ನಲವತ್ತು ಕಿಲೋಮೀಟರ್ ದೂರದ ಆ ಊರಿನ ಹವೆಯನ್ನಾದರೂ ಬಳಸಬಹುದಿತ್ತು ಎಂಬುದಷ್ಟೇ ನನ್ನ ಆಕ್ಷೇಪ.

ಭಾವಮೈದ ಬಹಳ ಹೊತ್ತು ಸುಮ್ಮನಿದ್ದ. ಅವನ ಮುಖ ನೋಡಿ ನನಗೂ ಪಾಪವೆನಿಸಿತು. ಆ ನೀಲಿ ಚಿತ್ರದ ಮೇಲೆ ಅವನು ಮಗಳ ಓದು, ಮನೆಯ ಮಾಡು ಎಲ್ಲವನ್ನೂ ಕಟ್ಟಿಕೊಂಡಿದ್ದ. ಕೊನೆಗೆ, "ಹಾಗಾದರೆ ಕಂಪ್ಯೂಟರಿನ ಲೆಕ್ಕವೇ ಬೇಡವೆನ್ನುತ್ತೀರಾ ಭಾವ?" ಎಂದ.

ಬೇಡವೆಂದು ಹೇಳಲಿಲ್ಲ. ಅವನ ಪಾಲಿಹೌಸಿನೊಳಗೆ ಗಿಡದ ಎತ್ತರದಲ್ಲಿ ಒಂದು, ಹೊರಗೆ ನೆರಳಿನಲ್ಲಿ ಒಂದು ಉಷ್ಣಮಾಪಕವನ್ನು, ಪಕ್ಕದಲ್ಲೊಂದು ಒದ್ದೆಬಟ್ಟೆಯದನ್ನು ನೇತುಹಾಕಿ, ಬೆಳಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಒಂಬತ್ತು ಗಂಟೆಗೆ ಬರೆದಿಡುವಂತೆ ಹೇಳಿದೆ. ಅದರ ಜತೆಗೆ ಪಂಪಿನ, ಹೂವಿಡುವ ಶೀತಕೋಣೆಯ ಮೀಟರುಗಳನ್ನು ಪ್ರತ್ಯೇಕವಾಗಿ ಓದಿಕೊಳ್ಳಬೇಕು. ಗುಲಾಬಿಯನ್ನು ಎರಡರಿಂದ ನಾಲ್ಕು ಡಿಗ್ರಿಯಲ್ಲಿರಿಸುವ ಆ ಕೋಣೆಯ ಬಾಗಿಲಿನ ರಬ್ಬರು ಹರಿದಿರುವುದನ್ನು ಕಳೆದ ಸಲ ಹೋದಾಗ ನಾನೇ ನೋಡಿದ್ದೆ. ಟೊಲೀಡೊದವರ ಸಂದಿಯ ಪಾಠ ನಮಗೆ ಒಪ್ಪುವುದು ಅಲ್ಲಿ. ಈ ಅಂಕಿಗಳು ಕೈಯಲ್ಲಿದ್ದರೆ ಯಾವ ತಂತ್ರಾಂಶವನ್ನಾದರೂ ಧೈರ್ಯವಾಗಿ ಪ್ರಶ್ನಿಸಬಹುದು. ವ್ಯಾಪಾರಿ ಮತ್ತೊಂದು ಕಡತ ತಂದರೆ ಮೊದಲು ಕೊನೆಯ ಪುಟವನ್ನು ಓದಬಹುದು.

ಸಾಲದ ಅರ್ಜಿಯನ್ನು ಅವನು ಸದ್ಯಕ್ಕೆ ತಡೆಹಿಡಿದಿದ್ದಾನೆ. ರಬ್ಬರನ್ನು ಆ ವಾರವೇ ಬದಲಿಸಿದನಂತೆ. ಉಷ್ಣಮಾಪಕ ಓದುವ ಕೆಲಸ ಎಂಟನೆಯ ತರಗತಿಯ ಮಗಳ ಪಾಲಿಗೆ ಬಂದಿದೆ. ಒಂದು ದಿನವೂ ತಪ್ಪಿಸದೆ ಬರೆಯುತ್ತಿದ್ದಾಳೆಂದು ನನ್ನಾಕೆಯ ತಂಗಿ ಹೇಳಿ ಕಳುಹಿಸಿದ್ದಾಳೆ. ಫೆಬ್ರವರಿ ೧೪ರ ಗುಲಾಬಿಯ ಗದ್ದಲ ಮುಗಿದು, ಏಪ್ರಿಲಿನ ಬಿಸಿಲನ್ನೂ ಕಂಡ ಮೇಲೆ ಆ ಪುಸ್ತಕವನ್ನು ತರುವುದಾಗಿ ಭಾವಮೈದ ಮಾತುಕೊಟ್ಟಿದ್ದಾನೆ. ನೀಲಗಿರಿಯ ಕಡೆಯ, ಇಲ್ಲವೆ ಜತ್ತ, ಅಕ್ಕಲಕೋಟೆಗಳ ಕಡೆಯ ವಾಚಕರಲ್ಲಿ ಯಾರಾದರೂ ತಮ್ಮ ಹಸಿರುಮನೆಯ ಒಳಹೊರಗಿನ ಉಷ್ಣತೆಯನ್ನು ಹೀಗೆ ಬರೆದಿಟ್ಟಿದ್ದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಕಳುಹಿಸಬೇಕು. ಹುಡುಗಿಯ ಪುಸ್ತಕದ ಪಕ್ಕದಲ್ಲಿಟ್ಟು ನೋಡುವ ಆಸೆಯಿದೆ.